ಬರಿಗೈಯಲ್ಲಿ ಬರಬೇಕಾದ ಊಟ

ಥಾರ್ನ್‌ಬೆಕ್ ಊರಿನ ವಿಶ್ವವಿದ್ಯಾಲಯ ಗುಡ್ಡದ ಮೇಲಿದೆ. ಅದರ ಹೊಟ್ಟೆ ಮಾತ್ರ ಕೆಳಗೆ, ಬಸ್ ನಿಲ್ದಾಣದ ಹಿಂದಿರುವ ಸೂಪರ್‌ಮಾರ್ಕೆಟ್ಟಿನಲ್ಲಿದೆ. ಸಂಜೆ ಏಳರ ಹೊತ್ತಿಗೆ ಅಲ್ಲಿ ಲೊರೇನ್ ಹಾರ್ಗ್ರೀವ್ಸ್ ಎಂಬಾಕೆ ಸೊಂಟಕ್ಕೆ ಪುಟ್ಟದೊಂದು ಯಂತ್ರ ಸಿಕ್ಕಿಸಿಕೊಂಡು ಹೊರಡುತ್ತಾಳೆ. ಅವತ್ತೇ ವಾಯಿದೆ ಮುಗಿಯುವ ಬ್ರೆಡ್ಡು, ಮಾಂಸ ತುಂಬಿದ ಪೈ, ಸೊಪ್ಪಿನ ಪೊಟ್ಟಣ, ಇವುಗಳ ಮೇಲೆ ಕಡಿಮೆ ಬೆಲೆಯ ಹಳದಿ ಚೀಟಿ ಅಂಟಿಸುವುದು ಆಕೆಯ ಕೆಲಸ. ಮಧ್ಯಾಹ್ನ ಪ್ರೊಫೆಸರರ ತಟ್ಟೆಗೆ ಮಾತ್ರ ಎಟುಕುವಂತಿದ್ದ ಕೋಳಿ, ಚೀಟಿ ಬಿದ್ದದ್ದೇ ತಡ, ಮೊದಲ ವರ್ಷದ ಹುಡುಗನ ಕೈಗೂ ಎಟುಕುತ್ತದೆ.

ಏಳಕ್ಕೆ ಮೊದಲೇ ಹುಡುಗ ಹುಡುಗಿಯರು ಬಂದು ಸೇರಿರುತ್ತಾರೆ. ಆದರೆ ಸಾಲು ನಿಲ್ಲುವುದಿಲ್ಲ. ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಮಳೆಯಲ್ಲಿ ಸಾಲುಗಟ್ಟಿ ತೃಪ್ತಿಯಿಂದ ನೆನೆಯುವ ಜನ ನಾವು, ಇಂಗ್ಲೆಂಡಿನವರು. ಇಲ್ಲಿ ಮಾತ್ರ ಸಾಲಿಲ್ಲ. ಸಾಲು ನಿಂತರೆ ಕಾಯುತ್ತಿದ್ದೇವೆಂದು ಒಪ್ಪಿಕೊಂಡಂತೆ. ಕಾಯುತ್ತಿದ್ದೇವೆಂದರೆ ಜೇಬು ಖಾಲಿ ಎಂದು ಡಂಗುರ ಹೊಡೆದಂತೆ. ಹಾಗಾಗಿ ಒಬ್ಬ ಮೊಸರಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಪರೀಕ್ಷೆಗೆ ಓದುವವನಂತೆ ಓದುತ್ತಾನೆ. ಇನ್ನೊಬ್ಬಳು ನಾಯಿಯೇ ಇಲ್ಲದಿದ್ದರೂ ನಾಯಿ ಬಿಸ್ಕತ್ತು ಆರಿಸುತ್ತಾಳೆ. ಲೊರೇನ್ ಎರಡು ಹೆಜ್ಜೆ ಎಡಕ್ಕೆ ಸರಿದರೆ ಎಲ್ಲರಿಗೂ ಒಮ್ಮೆಗೇ ಎಡಗಡೆಯ ಸಾಮಾನಿನ ಮೇಲೆ ಆಸಕ್ತಿ ಹುಟ್ಟುತ್ತದೆ.

"ಏನ್ರೋ, ಇವತ್ತು ಎಲ್ರಿಗೂ ಮೊಸರಿನ ಮೇಲೆ ಪ್ರೀತಿ ಉಕ್ಕಿಬಿಟ್ಟಿದೆ?" ಎಂದು ಆಕೆ ಕೆಣಕುತ್ತಾಳೆ.

"ಸುಮ್ನೆ ನೋಡ್ತಿದ್ವಿ, ಲೊರೇನ್."

"ನೋಡಿ, ನೋಡಿ. ನೋಡೋದಕ್ಕೆ ದುಡ್ಡು ಕೇಳೋದಿಲ್ಲ. ಪೈಗೆ ಇನ್ನೂ ಸ್ವಲ್ಪ ಹೊತ್ತಿದೆ, ಚಿನ್ನಾ."

ಲೊರೇನ್‌ಗೆ ಎಲ್ಲರೂ ಚಿನ್ನವೇ. ಅಂಗಡಿಯ ಮ್ಯಾನೇಜರನೂ ಚಿನ್ನ, ಬ್ರೆಡ್ಡಿನ ಲಾರಿಯವನೂ ಚಿನ್ನ. ಆಕೆ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಶಾಲೆ ಬಿಟ್ಟವಳೇ ಮನೆಯೊಳಗೆ ತೊಡುವ ಉಣ್ಣೆಯ ಸ್ಲಿಪ್ಪರಿನ ಕಾರ್ಖಾನೆ ಸೇರಿ, ಇಂಗ್ಲೆಂಡಿನ ಅರ್ಧದಷ್ಟು ಅಜ್ಜಂದಿರ ಕಾಲು ಬೆಚ್ಚಗಿಟ್ಟಳು. ಕಾರ್ಖಾನೆ ಮುಚ್ಚಿತು. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದಳು. ಅದೂ ಬೇರೆಯವರ ಗುತ್ತಿಗೆಗೆ ಹೋಯಿತು. ಆಮೇಲೆ ಈ ಸೂಪರ್‌ಮಾರ್ಕೆಟ್ಟು. ವಿಶ್ವವಿದ್ಯಾಲಯದ ಒಳಗೆ ಆಕೆ ಕಾಲಿಟ್ಟದ್ದು ಒಂದೇ ಸಲ, ಯಾವುದೋ ಸಂಗೀತ ಕೇಳಲು. ಕಾರು ನಿಲ್ಲಿಸಿದ ಜಾಗ ಮರೆತು, ಸಂಗೀತಕ್ಕಿಂತ ಹೆಚ್ಚು ಹೊತ್ತು ಕಾರು ಹುಡುಕಿದ್ದೇ ನೆನಪು. ವಿದ್ಯಾರ್ಥಿಗಳೆಂದರೆ ಉಳ್ಳವರ ಮಕ್ಕಳು, ಮಧ್ಯಾಹ್ನದವರೆಗೆ ಮಲಗಿ ಇರುಳೆಲ್ಲ ಕುಣಿಯುವವರು ಎಂದು ಊರಿನ ಇತರರಂತೆ ಆಕೆಯೂ ನಂಬಿದ್ದಳು. ಹಳದಿ ಚೀಟಿಯ ಯಂತ್ರ ಸೊಂಟಕ್ಕೆ ಬಂದ ಮೇಲೆ ಆ ನಂಬಿಕೆ ಸಡಿಲವಾಯಿತು.

ಬಾಡಿಗೆಯೇ ಎಲ್ಲದರ ಮೂಲ. ಕಾರ್ಖಾನೆಯವರು ಬಾಳಿದ ಸಾಲುಮನೆಗಳೆಲ್ಲ ಈಗ ವಿದ್ಯಾರ್ಥಿಗಳ ಬಾಡಿಗೆ ಮನೆಗಳು. ಒಂದು ಸಂಸಾರಕ್ಕೇ ಉಸಿರು ಕಟ್ಟುತ್ತಿದ್ದ ಮನೆಯಲ್ಲಿ ಮಾಲೀಕರು ಅಡ್ಡಗೋಡೆ ಎಬ್ಬಿಸಿ ಐದು ಕೋಣೆ ಹುಟ್ಟಿಸಿದ್ದಾರೆ. ಸರ್ಕಾರ ಕೊಡುವ ವಿದ್ಯಾರ್ಥಿ ಸಾಲ ವರ್ಷಕ್ಕೆ ಮೂರು ಕಂತಿನಲ್ಲಿ ಬರುತ್ತದೆ. ಬಂದು, ಕೂರುವುದಕ್ಕೂ ಮೊದಲೇ ಬಾಡಿಗೆಯ ಕೈ ಹಿಡಿದು ಓಡಿಹೋಗುತ್ತದೆ. ಉಳಿದ ಚಿಲ್ಲರೆಯಲ್ಲಿ ಬಸ್ಸು, ಪುಸ್ತಕ, ಹೀಟರು, ಹೊಟ್ಟೆ. ಇವುಗಳಲ್ಲಿ ಗಲಾಟೆ ಮಾಡದೆ ಸುಮ್ಮನಿರುವುದು ಹೊಟ್ಟೆಯೊಂದೇ ಎಂದು ಮಕ್ಕಳು ತಿಳಿದಿರುತ್ತಾರೆ.

ಆ ಗುಂಪಿನಲ್ಲಿ ಜೇಗೋ ಎಂಬ ಹುಡುಗನೊಬ್ಬನಿದ್ದ. ಕಾರ್ನ್‌ವಾಲ್ ಕಡೆಯವನು, ದೇಶದ ಆ ತುದಿ. ಉದ್ದಕ್ಕೆ ಬೆಳೆದು ಅಗಲವಾಗುವುದನ್ನು ಮರೆತವನು. ಭೂವಿಜ್ಞಾನದ ಎರಡನೇ ವರ್ಷ. ಅವನ ತೊಂದರೆ ಎಂದರೆ ಅವನ ಸೌಜನ್ಯ. ಲೊರೇನ್ ಪೈಯ ಮೇಲೆ ಚೀಟಿ ಅಂಟಿಸಿದೊಡನೆ ಅವನ ಕೈ ಮುಂದೆ ಬರುವುದು. ಪಕ್ಕದಲ್ಲಿ ಇನ್ನೊಂದು ಕೈ ಕಂಡೊಡನೆ ಹಿಂದೆ ಹೋಗುವುದು. "ಇಲ್ಲ ಇಲ್ಲ, ನೀವು ತಗೊಳ್ಳಿ. ನನಗೇನೂ ಅವಸರವಿಲ್ಲ." ಹೀಗೆ ಎಲ್ಲರಿಗೂ ದಾರಿ ಬಿಟ್ಟು, ಕೊನೆಗೆ ಯಾರಿಗೂ ಬೇಡವಾದ ಎಲೆಕೋಸಿನ ಸಲಾಡಿನ ಡಬ್ಬಿ ಹಿಡಿದು, ಅದಕ್ಕೇ ಬಂದವನಂತೆ ಮನೆಗೆ ಹೋಗುತ್ತಿದ್ದ.

ಅಕ್ಟೋಬರಿನ ಒಂದು ಸಂಜೆ ಬ್ರೆಡ್ಡಿನ ಕಪಾಟಿನ ಹಿಂದೆ ಅವನು ಫೋನಿನಲ್ಲಿ ಮಾತಾಡುವುದು ಲೊರೇನ್‌ಗೆ ಕೇಳಿಸಿತು.

"ಇಲ್ಲಮ್ಮ, ಊಟಕ್ಕೇನೂ ತೊಂದ್ರೆಯಿಲ್ಲ... ಹೂಂ, ಬೆಚ್ಚಗೇ ಇದೆ... ಆದ್ರೆ ಕ್ರಿಸ್ಮಸ್‌ಗೆ ಊರಿಗೆ ಬಂದ್ರೆ ಮತ್ತೆ ಇಲ್ಲಿಗೆ ಬರಲ್ಲ ಅನ್ಸುತ್ತೆ. ಮಾವನ್ನ ಒಂದು ಮಾತು ಕೇಳಿಡು, ದೋಣಿ ರಿಪೇರಿ ಶೆಡ್ಡಲ್ಲಿ ಕೆಲಸ ಇದೆಯಾ ಅಂತ. ಅಳ್ಬೇಡಮ್ಮ. ದೋಣಿ ಅಂದ್ರೆ ನಂಗಿಷ್ಟಾನೇ."

ದೋಣಿ ಇಷ್ಟ ಎಂದ ದನಿ ಹೇಗಿತ್ತೆಂದರೆ, ಲೊರೇನ್ ಅವತ್ತು ಮನೆಗೆ ಹೋಗಿ ಕೋಟು ಬಿಚ್ಚದೆಯೇ ಗಂಡನೆದುರು ಕುಳಿತಳು. ಗಂಡ ಕೀತ್ ನಿವೃತ್ತ ಬಸ್ ಚಾಲಕ. ಚಾಲಕನೊಡನೆ ಮಾತನಾಡಬೇಡಿ ಎಂಬ ಫಲಕವನ್ನು ನಿವೃತ್ತಿಯ ಬಳಿಕವೂ ಪಾಲಿಸಿಕೊಂಡು ಬಂದವನು.

"ಒಬ್ಬ ಹುಡುಗ ಇದ್ದಾನೆ, ಕಲ್ಲುಗಳ ಬಗ್ಗೆ ಓದ್ತಿದ್ದಾನೆ," ಎಂದಳು.

"ಕಲ್ಲು ನಮ್ಮ ಹಿತ್ತಲಲ್ಲೇ ಬೇಕಾದಷ್ಟಿದೆ," ಎಂದ ಕೀತ್.

"ತಮಾಷೆ ಬೇಡ. ಹೊಟ್ಟೆಗಿಲ್ದೆ ಓದು ಬಿಡ್ತಾನಂತೆ. ಭಾನುವಾರ ಊಟಕ್ಕೆ ಕರೀತೀನಿ."

"ಕರಿ. ಪರಪಂಚದಲ್ಲಿರೋ ಎಲ್ರನ್ನೂ ಕರೆದ್ಮೇಲೆ ನನಗೊಂದು ಆಲೂಗಡ್ಡೆ ಉಳಿದ್ರೆ ಸಾಕು."

ಆದರೆ ನಮ್ಮಲ್ಲಿ ಒಬ್ಬರಿಗೆ ಊಟ ಹಾಕುವುದು ಅಷ್ಟು ಸುಲಭವಲ್ಲ. ಹಸಿದಿದ್ದೀಯ, ಬಾ, ತಿನ್ನು ಎಂದರೆ ಕೆನ್ನೆಗೆ ಹೊಡೆದಂತೆ. ಉಪಕಾರವನ್ನು ತಿರುಗಾಮುರುಗಾ ಮಾಡಿ, ತಿನ್ನುವವನೇ ಉಪಕಾರ ಮಾಡುತ್ತಿದ್ದಾನೆಂದು ತೋರಿಸಬೇಕು.

"ಚಿನ್ನಾ, ನನ್ನಿಂದ ಒಂದು ತಪ್ಪಾಗಿದೆ," ಎಂದು ಲೊರೇನ್ ಮರುದಿನ ಜೇಗೋನನ್ನು ಹಿಡಿದಳು. "ಭಾನುವಾರಕ್ಕೆ ಅಂತ ದೊಡ್ಡ ಮಾಂಸದ ತುಂಡು ತಂದ್ಬಿಟ್ಟಿದ್ದೀನಿ. ನಮ್ಮೆಜಮಾನ್ರಿಗೆ ಹಲ್ಲು ನೋವು. ನೀನು ಬಂದು ಒಂದು ಕೈ ನೋಡಿದ್ರೆ ದೊಡ್ಡ ಉಪಕಾರ."

"ಅಯ್ಯೋ, ನಿಮಗೆ ತೊಂದ್ರೆ ಆಗುತ್ತೆ."

"ತೊಂದ್ರೆ ಎಂಥದ್ದು? ನಾಯಿಗೆ ಹಾಕೋಣ ಅಂದ್ರೆ ನಾಯೀನೂ ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ಒಂದು ಗಂಟೆಗೆ ಬಾ. ಮತ್ತೆ, ಏನೂ ತರೋಕೆ ಹೋಗ್ಬೇಡ!"

ಎಡವಿದ್ದು ಈ ಕೊನೆಯ ಮಾತಿನಲ್ಲಿ. ಹೇಗಿದ್ದೀರಿ ಎಂದವರಿಗೆ ತನ್ನ ಮೂಲವ್ಯಾಧಿಯ ವಿವರ ಕೊಡುವವನೂ, ಏನೂ ತರಬೇಡ ಎಂದಾಗ ನಿಜಕ್ಕೂ ಏನನ್ನೂ ತರದೆ ಹೋಗುವವನೂ ನಮ್ಮ ಲೆಕ್ಕದಲ್ಲಿ ಒಂದೇ ಜಾತಿ. ಎಲ್ಲರೂ ಹೇಳುತ್ತಾರೆ, ಯಾರೂ ಪಾಲಿಸುವುದಿಲ್ಲ. ಲೊರೇನ್ ಕೂಡ ಹುಟ್ಟಿದಂದಿನಿಂದ ಹೇಳಿಕೊಂಡೇ ಬಂದವಳು. ಹೇಳುವಾಗ ಅದನ್ನು ತಾನೇ ಕೇಳಿಸಿಕೊಳ್ಳುತ್ತಿರಲಿಲ್ಲ.

ಭಾನುವಾರ ಒಂದು ಗಂಟೆಗೆ ಮುಂಬಾಗಿಲಿನ ಗಂಟೆ ಸದ್ದಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲು ಒದ್ದೆ ಮಾಡಿ ಬಾಚಿಕೊಂಡು, ಕೈಯಲ್ಲಿ ವೈನಿನ ಬಾಟಲಿ ಹಿಡಿದು ಜೇಗೋ ನಿಂತಿದ್ದ.

"ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದೆ, ಮಾರಾಯಾ!" ಎಂದು ಲೊರೇನ್ ಬಾಯ್ತುಂಬ ಮೆಚ್ಚಿಕೊಂಡಳು. ಮೆಚ್ಚದಿದ್ದರೆ ತಪ್ಪಾಗುತ್ತದಲ್ಲ. ವೈನ್ ಕುಡಿದರೆ ಆಕೆಗೆ ತಲೆನೋವು. ಕೀತ್‌ಗೆ ಬಿಯರ್ ಬಿಟ್ಟರೆ ಬೇರೆ ನೀರೆಲ್ಲ ಒಂದೇ. ಬಾಟಲಿ ಕಪಾಟು ಸೇರಿತು. ಮೇಜಿನ ಮೇಲೆ ಕಸೂತಿ ಬಟ್ಟೆ, ಮದುವೆಯಲ್ಲಿ ಬಂದ ಚಿನ್ನದಂಚಿನ ತಟ್ಟೆಗಳು. ಜೇಗೋ ಬೆನ್ನು ನೆಟ್ಟಗೆ ಮಾಡಿ ಕುಳಿತು, ಓವನ್ನಿನಲ್ಲಿ ಕೆಂಪಗೆ ಬೆಂದ ಆಲೂಗಡ್ಡೆಗಳನ್ನು ನೋಡಿ ನೋಡಿ ಒಂದೊಂದಾಗಿ ತಿಂದ. ಇನ್ನೂ ಬೇಕೇ ಎಂದಾಗ "ಸಾಕು, ಸಾಕು, ಹೊಟ್ಟೆ ತುಂಬಿತು" ಎಂದ.

ಮುಂದಿನ ವಾರ ಚಾಕೊಲೇಟಿನ ಡಬ್ಬಿ ಬಂತು. ಲೊರೇನ್ ಇನ್ನೂ ಜೋರಾಗಿ ಮೆಚ್ಚಿದಳು. ಅದರ ಮುಂದಿನ ವಾರ ಹೂವಿನ ಗುಚ್ಛ, ಡಬ್ಬಿಗಿಂತ ದೊಡ್ಡದು. ಆಕೆ ಮೆಚ್ಚಿದಷ್ಟೂ ಉಡುಗೊರೆ ಬೆಳೆಯುತ್ತಿತ್ತು. ಉಡುಗೊರೆ ಬೆಳೆದಷ್ಟೂ ಮೆಚ್ಚುಗೆಯನ್ನು ಬೆಳೆಸಬೇಕಾಗುತ್ತಿತ್ತು. ಹುಡುಗ ಮಾತ್ರ ಬೆಳೆಯುತ್ತಿರಲಿಲ್ಲ. ಅವನ ಕಾಲರಿಗೂ ಕುತ್ತಿಗೆಗೂ ನಡುವೆ ಮೊದಲಿದ್ದುದಕ್ಕಿಂತ ಹೆಚ್ಚು ಗಾಳಿಯಾಡುತ್ತಿತ್ತು.

"ನಿನ್ನ ಹುಡುಗ ತರೋ ಚಾಕೊಲೇಟ್ ತಿಂದು ದಪ್ಪ ಆಗ್ತಿರೋದು ನಾನೊಬ್ಬನೇ," ಎಂದ ಕೀತ್.

ನಾಲ್ಕನೆಯ ಭಾನುವಾರ ಅವನು ಬರಲಿಲ್ಲ. ಪ್ರಬಂಧ ಬರೆಯುವುದಿದೆ ಎಂದು ಸಂದೇಶ ಕಳಿಸಿದ. ಮರುವಾರ ನೆಗಡಿ ಎಂದ. ಹಳದಿ ಚೀಟಿಯ ಹೊತ್ತಿಗೂ ಕಾಣಲಿಲ್ಲ. ಲೊರೇನ್‌ಗೆ ಮನಸ್ಸು ಕೊರೆಯತೊಡಗಿತು.

"ನನ್ನ ಗ್ರೇವಿ ಸರಿಯಿರಲಿಲ್ವೇನ್ರೀ?"

"ಯಾವತ್ತಿನ ಹಾಗೇ ಇತ್ತು."

"ಹಾಗಂದ್ರೆ?"

ಕೀತ್ ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಏರಿಸಿದ.

ಡಿಸೆಂಬರಿನ ಮೊದಲ ಶನಿವಾರ ಲೊರೇನ್ ಚೀಟಿ ಅಂಟಿಸುತ್ತಿದ್ದಾಗ ಪಿಪ್ಪಾ ಪಕ್ಕಕ್ಕೆ ಬಂದು ನಿಂತಳು. ಜೇಗೋ ಇದ್ದ ಮನೆಯ ಮಹಡಿಯ ಮೇಲಿನ ಕೋಣೆಯವಳು; ಮುಚ್ಚುಮರೆ ಗೊತ್ತಿಲ್ಲದ ಹುಡುಗಿ.

"ಜೇಗೋಗೆ ನೆಗಡಿ ವಾಸಿಯಾಯ್ತಾ, ಚಿನ್ನಾ?"

"ನೆಗಡೀನಾ? ಯಾವ ನೆಗಡಿ?" ಪಿಪ್ಪಾ ಕಣ್ಣರಳಿಸಿದಳು. "ನಿಮ್ಮನೆಗೆ ಬರೋಕೆ ಅವನ ಹತ್ರ ದುಡ್ಡಿಲ್ಲ, ಅಷ್ಟೇ."

"ಊಟಕ್ಕೆ ಬರೋಕೆ ದುಡ್ಡು ಯಾಕೆ?"

"ಬರಿಗೈಯಲ್ಲಿ ಹೋಗೋಕಾಗುತ್ತಾ? ನಿಮ್ಮನೇಲಿ ಒಂದು ದಿನ ಉಂಡ್ರೆ ವಾರವೆಲ್ಲ ಬರೀ ಟೋಸ್ಟ್. ಆ ಹೂವು ಅವನ ಬಸ್ ಪಾಸಿನ ದುಡ್ಡು ಕಣ್ರೀ. ಈಗ ಗುಡ್ಡ ನಡ್ಕೊಂಡೇ ಹತ್ತುತ್ತಾನೆ. ಇನ್ನೇನು ಒಂದು ವಾರ, ಊರಿಗೆ ಹೊರಟು ನಿಂತಿದ್ದಾನೆ. ಪುಸ್ತಕನೆಲ್ಲ ಪೆಟ್ಟಿಗೆಗೆ ತುಂಬ್ತಿದ್ದಾನೆ." ಆಮೇಲೆ ದನಿ ತಗ್ಗಿಸಿ, "ನಾನು ಹೇಳ್ದೆ ಅಂತ ಹೇಳ್ಬೇಡಿ, ಆಯ್ತಾ?" ಎಂದಳು.

ಲೊರೇನ್ ಕೈಯಲ್ಲಿದ್ದ ಯಂತ್ರ ತನ್ನಷ್ಟಕ್ಕೆ ಚೀಟಿ ಅಂಟಿಸುತ್ತಲೇ ಇತ್ತು. ಮುಂದಿನ ತಿಂಗಳವರೆಗೆ ವಾಯಿದೆಯಿದ್ದ ಒಳ್ಳೆಯ ಚೀಸಿನ ಮೇಲೂ ಬಿತ್ತು. ಪಿಪ್ಪಾ ಅದನ್ನೆತ್ತಿ ಸದ್ದಿಲ್ಲದೆ ಬುಟ್ಟಿಗೆ ಹಾಕಿಕೊಂಡಳು.

ಮನೆಯಲ್ಲಿ ಲೊರೇನ್ ಅತ್ತಳು ಎಂದರೆ ಆಕೆ ಒಪ್ಪುವುದಿಲ್ಲ, ಈರುಳ್ಳಿ ಹೆಚ್ಚುತ್ತಿದ್ದಳಂತೆ. "ಹೊಟ್ಟೆ ತುಂಬಿಸ್ತೀನಿ ಅಂತ ಹೋಗಿ ಅವನ ಬಸ್ಸಿನ ದುಡ್ಡು ತಿಂದ್ಬಿಟ್ಟೆ. ಏನೂ ತರಬೇಡ ಅಂತ ಎಷ್ಟು ಸಲ ಹೇಳ್ದೆ!"

"ನಿಮ್ಮಮ್ಮನೂ ಹೇಳ್ತಿದ್ಲು," ಎಂದ ಕೀತ್. "ನಿನ್ನ ನೋಡೋಕೆ ಬರೋವಾಗೆಲ್ಲ ಬಿಸ್ಕತ್ತಿನ ಡಬ್ಬಿ ತರ್ತಿದ್ದೆ. ಸಂಬಳ ಎಲ್ಲಾ ಬಿಸ್ಕತ್ತಿಗೇ ಹೋಯ್ತು."

"ಮತ್ತೆ ಯಾವಾಗ ನಿಲ್ಲಿಸಿದ್ರಿ?"

ಕೀತ್ ಯೋಚಿಸಿದ. "ಒಂದಿನ ಹೋದಾಗ ನಿಮ್ಮಮ್ಮ ಕಲ್ಲಿದ್ದಲಿನ ಬಕೆಟ್ ಕೈಗೆ ಕೊಟ್ಟು, 'ನಿಂತ್ಕೊಂಡು ಏನು ನೋಡ್ತೀಯ, ತುಂಬಿಸ್ಕೊಂಡು ಬಾ' ಅಂದ್ಲು. ಅವತ್ತಿಂದ ತರಲಿಲ್ಲ." ಇಷ್ಟುದ್ದ ಮಾತಾಡಿದ್ದಕ್ಕೆ ತಾನೇ ಬೆರಗಾದವನಂತೆ ಒಂದು ಗುಟುಕು ಚಹಾ ಕುಡಿದ. "ನೀನು ಆ ಹುಡುಗನ್ನ ದೊರೆಯ ಹಾಗೆ ಕೂರಿಸಿದ್ದೀಯ. ಚಿನ್ನದಂಚಿನ ತಟ್ಟೆ ನೋಡಿದ್ರೆ ನನಗೇ ಏನಾದ್ರೂ ತರ್ಬೇಕು ಅನ್ಸುತ್ತೆ."

ಮರುದಿನ ಭಾನುವಾರ. ಬೆಳಗ್ಗೆ ದೊಡ್ಡ ಅಂಗಡಿಗಳು ಕಣ್ಣುಬಿಡುವ ಮೊದಲೇ ಕೀತ್ ತನ್ನ ಹಳೆಯ ಕಾರನ್ನು ಜೇಗೋನ ಮನೆಯೆದುರು ನಿಲ್ಲಿಸಿದ. ಆ ಮನೆ ಅವನಿಗೆ ಹೊಸದಲ್ಲ. ಒಂದು ಕಾಲಕ್ಕೆ ಅಲ್ಲಿ ಅವನ ಚಿಕ್ಕಮ್ಮ ಎಡ್ನಾ ಇದ್ದಳು. ಈಗ ಜೇಗೋ ಮಲಗುತ್ತಿದ್ದ ಬೀದಿ ಕಡೆಯ ಕೋಣೆಯಲ್ಲಿ ಆಗ ಆಕೆಯ ಪಿಯಾನೋ ಇತ್ತು. ಪಾದ್ರಿ ಬಂದರೆ ಮಾತ್ರ ಆ ಕೋಣೆಯ ಬಾಗಿಲು ತೆರೆಯುತ್ತಿತ್ತು. ಕೀತ್ ಕಿಟಕಿ ತಟ್ಟಿದ. ಎರಡು ಸ್ವೆಟರ್, ಮೇಲೊಂದು ಉಣ್ಣೆ ಟೋಪಿ ಹಾಕಿಕೊಂಡು, ಉಸಿರಿನಿಂದ ಹೊಗೆ ಬಿಡುತ್ತ ಜೇಗೋ ಇಣುಕಿದ. ಅವನ ಹಿಂದೆ ಪುಸ್ತಕದ ಪೆಟ್ಟಿಗೆಗಳು ಕಂಡವು.

"ಹೊರಡು," ಎಂದ ಕೀತ್.

"ಎಲ್ಲಿಗೆ, ಮಿಸ್ಟರ್ ಹಾರ್ಗ್ರೀವ್ಸ್?"

"ಆಲೂಗಡ್ಡೆ ಸುಲಿಯೋಕೆ. ನನ್ನ ಬೆರಳು ಹಿಡ್ಕೊಂಡಿದೆ. ಅವಳು ಕೂಗಾಡ್ತಿದ್ದಾಳೆ."

"ಒಂದೈದು ನಿಮಿಷ... ಮೂಲೆ ಅಂಗಡಿಗೆ ಹೋಗಿ ಬಂದ್ಬಿಡ್ತೀನಿ."

"ಇಂಜಿನ್ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ."

"ನೀವು ಆನ್ ಇಟ್ಟಿರಿ, ನಾನು ಓಡಿ..."

"ಆನ್ ಇಟ್ರೆ ಪೆಟ್ರೋಲ್ ಯಾರಪ್ಪ ಹಾಕಿಸ್ತಾನೆ?"

ಮನೆಗೆ ಬಂದವರು ಮುಂಬಾಗಿಲಿಗೆ ಹೋಗಲಿಲ್ಲ. ಕೀತ್ ಹಿತ್ತಲಿನಿಂದ ನೇರವಾಗಿ ಅಡುಗೆಮನೆಗೆ ನುಗ್ಗಿಸಿದ. ಕಸೂತಿ ಬಟ್ಟೆ ಇರಲಿಲ್ಲ. ಸಣ್ಣ ಮೇಜಿನ ಮೇಲೆ ಅರ್ಧ ಪತ್ರಿಕೆ, ಅದರ ಮೇಲೆ ಮಣ್ಣು ಮೆತ್ತಿದ ಆಲೂಗಡ್ಡೆಗಳ ರಾಶಿ. ಲೊರೇನ್ ಹಳೆಯ ಸ್ಲಿಪ್ಪರ್ ಹಾಕಿಕೊಂಡು ಕೂದಲಿಗೆ ಕ್ಲಿಪ್ಪು ಕಚ್ಚಿಸಿಕೊಂಡಿದ್ದಳು.

ಜೇಗೋನ ಎರಡು ಕೈಗಳಿಗೂ ಎಲ್ಲಿರಬೇಕೆಂದು ತಿಳಿಯಲಿಲ್ಲ. ಒಮ್ಮೆ ಜೇಬಿಗೆ ಹೋದವು, ಒಮ್ಮೆ ಬೆನ್ನ ಹಿಂದೆ ಹೋದವು. "ಲೊರೇನ್, ಕ್ಷಮಿಸಿ, ನಾನು ಏನೂ..."

"ಬಾಗಿಲು ಹಾಕೋ, ಚಳಿ ಬರುತ್ತೆ," ಎಂದಳು ಲೊರೇನ್. "ಚಾಕು ಅಲ್ಲಿದೆ."

ಅವನು ಸುಲಿಯತೊಡಗಿದ. ಸ್ವಲ್ಪ ಹೊತ್ತು ನೋಡಿ ಆಕೆಗೆ ತಡೆಯಲಾಗಲಿಲ್ಲ. "ಏನೋ ಇದು, ಸುಲೀತಿದ್ದೀಯೋ ಕೆತ್ತುತ್ತಿದ್ದೀಯೋ? ಅರ್ಧ ಆಲೂಗಡ್ಡೆ ಸಿಪ್ಪೇಲೇ ಹೋಯ್ತು. ನಿಮ್ಮಮ್ಮ ಶಾಲೆ ಅಡುಗೆಮನೇಲಿ ಕೆಲಸ ಮಾಡ್ತಾಳೆ ಅಂತ ನೀನೇ ಅಂದಿದ್ದೆ, ನಾಚ್ಕೆ ಆಗಲ್ವಾ?"

ಆಕೆ ನಿಜಕ್ಕೂ ರೇಗಿದ್ದಳು. ಮೂರು ವಾರ ನಯವಾಗಿ ನಡೆದುಕೊಂಡು ಆಕೆಗೂ ಸಾಕಾಗಿತ್ತು. ಜೇಗೋ ತಲೆಯೆತ್ತಿ ನೋಡಿದ, ಬೈಗುಳದಲ್ಲಿ ಎಲ್ಲೋ ಕೇಳಿದ ರಾಗವಿದ್ದಂತೆ. ಆಮೇಲೆ ಮೊದಲ ಸಲ ನಕ್ಕ. "ಅಮ್ಮನೂ ಹೀಗೇ ಬೈಯೋದು."

"ಬೈಯದೆ ಇನ್ನೇನು. ತೆಳ್ಳಗೆ ಸುಲಿ."

ಊಟವೂ ಅಲ್ಲೇ, ಮೊಣಕೈಗೆ ಮೊಣಕೈ ತಾಗುವಂತೆ. ತಟ್ಟೆಗಳಲ್ಲಿ ಒಂದರ ಅಂಚು ಮುಕ್ಕಾಗಿತ್ತು. ಅದು ಜೇಗೋಗೆ ಬಂತು. ಉಣ್ಣುತ್ತ ಕೀತ್ ಕೇಳಿದ, "ಪೆಟ್ಟಿಗೆ ಕಟ್ಟಿದ್ದೀಯಲ್ಲ, ಆ ರೂಮನ್ನ ಬೇರೆಯವರಿಗೆ ಕೊಟ್ಟೆಯಾ?"

"ಇಲ್ಲ. ಕರಾರು ಜೂನ್ ಕೊನೆವರೆಗೂ ಇದೆ. ಬಿಟ್ಟುಹೋದ್ರೂ ಕಟ್ಟಲೇಬೇಕು. ಅಮ್ಮ ಜಾಮೀನಿಗೆ ಸಹಿ ಹಾಕಿದ್ದಾಳೆ. ಈಗ ನಡುವರ್ಷದಲ್ಲಿ ಆ ರೂಮು ಯಾರಿಗೂ ಬೇಡ."

ಕೀತ್ ಚಮಚ ಕೆಳಗಿಟ್ಟ. "ಅಂದ್ರೆ ನೀನು ಅಲ್ಲಿ ದೋಣಿ ರಿಪೇರಿ ಮಾಡಿ, ಇಲ್ಲಿ ನಮ್ಮ ಎಡ್ನಾ ಚಿಕ್ಕಮ್ಮನ ಪಿಯಾನೋ ಜಾಗಕ್ಕೆ ಬಾಡಿಗೆ ಕಟ್ತೀಯ?"

"...ಹೌದು."

"ಖಾಲಿ ಇರೋ ಜಾಗಕ್ಕೆ."

"ಹೌದು."

"ಸರಿ," ಎಂದು ಕೀತ್ ಮತ್ತೆ ಚಮಚ ಎತ್ತಿದ. "ಚೆನ್ನಾಗಿ ಯೋಚನೆ ಮಾಡಿದ್ದೀಯ."

ಜೇಗೋ ತಟ್ಟೆಯ ಮುಕ್ಕಾದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಅವನ ಕಿವಿಗಳು ಕೆಂಪಾದವು. "ಬಾಡಿಗೆ ಹೇಗೋ ಆಗುತ್ತೆ, ಸಾಲದಲ್ಲೇ. ಊಟಕ್ಕೆ..." ಎಂದು ನಿಂತ. ಇಂಗ್ಲೆಂಡಿನಲ್ಲಿ ಗಂಟಲಿಂದ ಹೊರಡಲು ಅತಿ ಹೆಚ್ಚು ಹೊತ್ತು ಹಿಡಿಯುವ ವಾಕ್ಯ ಅದು. ಯಾರೂ ನೆರವಿಗೆ ಹೋಗಲಿಲ್ಲ. "ಊಟಕ್ಕೆ ಸಾಲ್ತಾ ಇಲ್ಲ," ಎಂದ.

ಲೊರೇನ್‌ಗೆ ಎದ್ದು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿದ್ದರೆ ಹುಡುಗ ಅವತ್ತೇ ರೈಲು ಹತ್ತುತ್ತಿದ್ದ. ಆಕೆ ಗ್ರೇವಿಯ ಪಾತ್ರೆಯನ್ನು ಅವನ ಕಡೆ ತಳ್ಳಿದಳು.

"ಬುಧವಾರ ನನಗೆ ಸಂಜೆ ರಜೆ. ಬುಧವಾರ, ಭಾನುವಾರ ಇಲ್ಲೇ ತಿನ್ನು. ಮಿಕ್ಕಿದ್ದು ಡಬ್ಬಿಗೆ ಹಾಕ್ಕೊಂಡು ಹೋಗು, ನಾಳೆಗಾಗುತ್ತೆ. ಪಾತ್ರೆ ತೊಳೆಯೋದು ನಿಂದು, ಕಸದ ಬಕೆಟ್ಟು ಹೊರಗಿಡೋದೂ ನಿಂದೇ. ಇನ್ನೊಂದು ಸಲ ಹೂವು ಹಿಡ್ಕೊಂಡು ಬಂದ್ರೆ ಬಾಗಿಲು ತೆಗಿಯೋದಿಲ್ಲ. ಇದು ನಾನು ಸುಮ್ನೆ ಹೇಳ್ತಿರೋದಲ್ಲ. ತಿಳೀತಾ?"

"ಅಷ್ಟೆಲ್ಲ ನಿಮಗೆ ತೊಂದ್ರೆ..."

"ತೊಂದ್ರೇನೇ," ಎಂದಳು ಲೊರೇನ್. "ಇಲ್ಲ ಅಂದವರು ಯಾರು? ತಿಳೀತಾ ಅಂತ ಕೇಳ್ದೆ."

"ತಿಳೀತು."

ಪಾತ್ರೆ ತೊಳೆದಾದ ಮೇಲೆ ಅವನು ಫೋನ್ ಹಿಡಿದು ಹಿತ್ತಲಿಗೆ ಹೋದ. ಲೊರೇನ್ ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದಳು. ಕೀತ್ ನಿನ್ನೆಯ ಪತ್ರಿಕೆಯಲ್ಲಿ ಮುಳುಗಿದ. ಹೊರಗಿನಿಂದ ಮಾತು ತುಂಡು ತುಂಡಾಗಿ ಬಂತು: "ಇಲ್ಲಮ್ಮ, ನಿಜ ಹೇಳ್ತಿದ್ದೀನಿ... ಆವಾಗ ಸುಳ್ಳು ಹೇಳಿದ್ದೆ, ಈಗ ನಿಜ..."

ಒಳಗೆ ಬಂದಾಗ ಮೂಗು ಕೆಂಪಗಿತ್ತು, ಚಳಿಗೂ ಇರಬಹುದು. "ಜನವರಿಗೆ ವಾಪಸ್ ಬರ್ತೀನಿ ಅಂದೆ," ಎಂದ. "ಜೂನ್‌ವರೆಗೆ ನೋಡೋಣ, ಆಮೇಲಿಂದು ಆಮೇಲೆ ಅಂದ್ಲು ಅಮ್ಮ. ನಿಮ್ಮ ವಿಳಾಸ ಕೇಳಿದ್ಲು, ಏನೋ ಕಳಿಸ್ಬೇಕಂತೆ."

"ಬೇಡ ಅನ್ನು!" ಎಂದು ಗಂಡ ಹೆಂಡತಿ ಒಟ್ಟಿಗೇ ಕೂಗಿದರು.

ಟಿವಿಯಲ್ಲಿ ಸ್ನೂಕರ್ ಆಟ ಬರುತ್ತಿತ್ತು. ಸೋಫಾದ ಮೂಲೆಯಲ್ಲಿ, ಹೀಟರಿನ ಪಕ್ಕ ಕುಳಿತ ಜೇಗೋ ಎರಡು ಚೆಂಡು ಗುಳಿಗೆ ಬೀಳುವುದರೊಳಗೆ ನಿದ್ದೆಹೋದ. ತಲೆ ಹಿಂದಕ್ಕೆ, ಬಾಯಿ ತೆರೆದು, ಉದ್ದದ ಕಾಲುಗಳು ಕೋಣೆಯ ಆ ಬದಿಯವರೆಗೆ. ಕೀತ್ ಟಿವಿಯ ದನಿ ಪೂರ್ತಿ ಇಳಿಸಿದ.

"ಕತ್ತಲಾಗ್ತಿದೆ, ಎಬ್ಬಿಸ್ಲಾ?" ಎಂದು ಪಿಸುಗುಟ್ಟಿದ. "ಹೋಗಿ ಆ ಪೆಟ್ಟಿಗೆಗಳನ್ನೆಲ್ಲ ಬಿಚ್ಬೇಕಲ್ಲ."

"ಮಲಗ್ಲಿ ಬಿಡಿ," ಎಂದಳು ಲೊರೇನ್. "ಕಲ್ಲಿನ ಪುಸ್ತ್ಕ ತಾನೆ, ಎಲ್ಲೂ ಓಡಿಹೋಗಲ್ಲ."